ಓಡಿದ್ದು ನಾನೊಬ್ಬಳೇ ಅಲ್ಲ

ಬೆಳಿಗ್ಗೆ ಆರೂಮುಕ್ಕಾಲರ ಹೊತ್ತಿಗೆ ಬೆವರಿನಲ್ಲಿ ತೊಯ್ದು ಮನೆಯ ಮೆಟ್ಟಿಲು ಹತ್ತಿದರೆ ನನ್ನ ತಾಯಿ ಕೇಳುವುದು ಒಂದೇ ಪ್ರಶ್ನೆ: ‘ಹಾಲು ತಂದೆಯಾ?’ ಅವರಿಗೀಗ ಎಂಬತ್ತೆರಡು ವರ್ಷ. ಮರೆವಿನ ಕಾಯಿಲೆ ಅವರ ಬದುಕಿನ ಇತ್ತೀಚಿನ ಪುಟಗಳನ್ನು ಒಂದೊಂದಾಗಿ ಹರಿದುಹಾಕಿ, ನಾವು ಹಾಸನದಲ್ಲಿದ್ದ ದಿನಗಳನ್ನು ಮಾತ್ರ ಉಳಿಸಿದೆ. ಆಗ ಬೆಳಕು ಹರಿಯುವ ಮುನ್ನ ತಂಬಿಗೆ ಹಿಡಿದು ಹಾಲು ತರಲು ಹೋಗುವುದು ನನ್ನ ಕೆಲಸವಾಗಿತ್ತು. ಐವತ್ತೊಂದು ವರ್ಷದ ಮಗಳು ಮುಂಜಾನೆ ಹೊರಗೆ ಹೋಗಿ ಏದುಸಿರು ಬಿಡುತ್ತಾ ಬಂದಳೆಂದರೆ ಅದಕ್ಕೆ ಅವರ ಲೋಕದಲ್ಲಿ ಇರಬಹುದಾದ ಕಾರಣ ಅದೊಂದೇ. ಮೊದಮೊದಲು ತಿದ್ದಲು ಹೋಗುತ್ತಿದ್ದೆ. ಆಮೇಲೆ ತಿದ್ದುವುದನ್ನು ಬಿಟ್ಟು, ಬರುವ ದಾರಿಯಲ್ಲಿ ಬೂತಿನಿಂದ ಅರ್ಧ ಲೀಟರ್ ಹಾಲು ಕೊಂಡು ತರತೊಡಗಿದೆ. ಹೀಗೆ 2025ರ ಇಡೀ ವರ್ಷ ನಾನು ಹಾಲು ತರುವ ನೆಪದಲ್ಲಿ ಓಡಿದೆ.

ಆ ವರ್ಷದಲ್ಲಿ ನಾನು ಆರು ಓಟದ ಸ್ಪರ್ಧೆಗಳಲ್ಲಿ ಹೆಸರು ನೋಂದಾಯಿಸಿದೆ. ಐದನ್ನು ಮುಗಿಸಿದೆ, ಒಂದನ್ನು ಮುಗಿಸಲಾಗಲಿಲ್ಲ. ಯಾವುದರಲ್ಲಿಯೂ ಬಹುಮಾನದ ಹತ್ತಿರಕ್ಕೂ ಸುಳಿಯಲಿಲ್ಲ. ಓಟಗಾರರ ಭಾಷೆಯಲ್ಲಿ ಹೇಳುವುದಾದರೆ ನಾನು ‘ಹಿಂದಿನ ಸಾಲಿನವಳು’. ಹೀಗಿರುವಾಗ ಇದನ್ನು ಬರೆಯುವ ಅಗತ್ಯವೇನು ಎಂದು ಓದುಗರು ಕೇಳಬಹುದು. ಓಟವೆಂಬುದು ಒಂಟಿಯಾಗಿ ಮಾಡುವ ಕೆಲಸ, ಅದಕ್ಕೆ ಬೇಕಾದದ್ದು ಎರಡು ಕಾಲು ಮತ್ತು ಒಂದಿಷ್ಟು ಛಲ ಎಂದು ನಾನೂ ನಂಬಿದ್ದೆ. ಆ ನಂಬಿಕೆ ಎಷ್ಟು ತಪ್ಪು ಎಂಬುದನ್ನು ಹೇಳುವುದಷ್ಟೇ ಈ ಬರಹದ ಉದ್ದೇಶ.

ಹಿನ್ನೆಲೆಯನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಬೋಧಿಸುತ್ತೇನೆ. ಪತಿ ಉದ್ಯೋಗನಿಮಿತ್ತ ಹೊಸಪೇಟೆಯಲ್ಲಿದ್ದಾರೆ. ಮಗ ಓದಿಗಾಗಿ ಬೇರೆ ಊರಿನಲ್ಲಿದ್ದಾನೆ. ಜಯನಗರದ ಮನೆಯಲ್ಲಿ ನಾನು ಮತ್ತು ತಾಯಿ ಇಬ್ಬರೇ. ಹಗಲಿಗೆ ನೋಡಿಕೊಳ್ಳುವ ಹೆಣ್ಣುಮಗಳೊಬ್ಬಳು ಬರುತ್ತಾಳೆ; ರಾತ್ರಿ ನನ್ನದು. ಮರೆವಿನ ರೋಗಿಗಳಿಗೆ ಹಗಲು ರಾತ್ರಿಗಳು ಅದಲುಬದಲಾಗುವುದು ಸಾಮಾನ್ಯ. ರಾತ್ರಿ ಎರಡು ಗಂಟೆಗೆ ಎದ್ದು ಊರಿಗೆ ಹೊರಡುವ ತಾಯಿಯನ್ನು ಬಾಗಿಲಲ್ಲಿ ತಡೆದು, ಸಮಾಧಾನಪಡಿಸಿ ಮಲಗಿಸುವಷ್ಟರಲ್ಲಿ ಬೆಳಗಾಗುತ್ತಿತ್ತು. 2024ರ ಕೊನೆಯಲ್ಲಿ ರಕ್ತದೊತ್ತಡ ಏರಿ ವೈದ್ಯರ ಬಳಿ ಹೋದಾಗ ಅವರು ಮಾತ್ರೆ ಬರೆದುಕೊಟ್ಟು, ‘ದಿನಕ್ಕೆ ಒಂದು ಗಂಟೆ ಆ ಮನೆಯಿಂದ ಹೊರಗಿರಿ’ ಎಂದರು. ಅದನ್ನು ಕೇಳಿ ನನಗೆ ನಗು ಬಂತು. ಒಂದು ಗಂಟೆಯನ್ನು ಯಾರು ಕೊಡುತ್ತಾರೆ?

ಕೊಟ್ಟವರು ಎದುರುಮನೆಯಾಕೆ. ಅರವತ್ತೆಂಟು ವರ್ಷದ, ಪತಿಯನ್ನು ಕಳೆದುಕೊಂಡು ಒಬ್ಬರೇ ಇರುವ ಆಕೆ, ‘ನನಗೆ ಹೇಗೂ ನಾಲ್ಕಕ್ಕೇ ಎಚ್ಚರವಾಗುತ್ತದೆ. ಐದಕ್ಕೆ ಬಂದು ನಿಮ್ಮಮ್ಮನ ಪಕ್ಕ ಕೂತುಕೊಂಡು ಹೂವು ಕಟ್ಟುತ್ತೇನೆ, ನೀನು ಹೋಗಿ ಬಾ’ ಎಂದರು. ವಾರದಲ್ಲಿ ನಾಲ್ಕು ದಿನವೆಂದು ಆರಂಭವಾದ ಈ ಒಪ್ಪಂದ ವರ್ಷವಿಡೀ ನಡೆಯಿತು. ನನ್ನ ಓಟದ ಬಗ್ಗೆ ಯಾರಾದರೂ ಮೆಚ್ಚುಗೆಯ ಮಾತಾಡಿದರೆ ನಾನು ಮೊದಲು ಹೇಳುವುದು ಒಂದು ಹೆಜ್ಜೆಯನ್ನೂ ಓಡದ ಈ ಮಹಿಳೆಯ ಬಗ್ಗೆ.

ಮನೆಯಿಂದ ಲಾಲ್‌ಬಾಗ್ ದೂರವಿಲ್ಲ. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟ ಇಂದು 240 ಎಕರೆಗಳ ಹಸಿರು. ಅದರೊಳಗಿನ ಬಂಡೆಗೆ ಭೂವಿಜ್ಞಾನಿಗಳು ಹೇಳುವ ವಯಸ್ಸು ಸುಮಾರು 300 ಕೋಟಿ ವರ್ಷ. ಜನವರಿಯ ಚಳಿಯಲ್ಲಿ ಆ ಬಂಡೆಯ ಬುಡದಲ್ಲಿ ನಿಂತು, ಎರಡು ನಿಮಿಷ ಓಡಿದ್ದಕ್ಕೇ ಕಣ್ಣು ಕತ್ತಲಿಟ್ಟು ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿ ಮಾತನಾಡಿಸಿದವರು ಮುಂದೆ ನನ್ನ ಜೊತೆಗಾರರಾದರು. ನಾಲ್ವರ ಗುಂಪದು. ನಿವೃತ್ತ ಎಂಜಿನಿಯರೊಬ್ಬರು, ಔಷಧದ ಅಂಗಡಿ ಇಟ್ಟಿರುವ ಒಬ್ಬರು, ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಮೂವತ್ತರ ಯುವತಿ, ಹಾಗೂ ಶಾಲೆಯೊಂದರ ಬಸ್ಸು ಓಡಿಸುವ ಚಾಲಕ. ಹೊರಗಿನ ಬದುಕಿನಲ್ಲಿ ಈ ನಾಲ್ವರೂ ಒಂದೇ ಬೆಂಚಿನಲ್ಲಿ ಕೂರುವ ಸಂದರ್ಭ ಬಹುಶಃ ಬರುತ್ತಿರಲಿಲ್ಲ.

ಎಂಜಿನಿಯರ್ ಮಿತ್ರರು ಕಲಿಸಿದ ಮೊದಲ ಪಾಠ ಸರಳವಾದದ್ದು. ಓಡುವಾಗ ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಆಡಲು ಸಾಧ್ಯವಾಗಬೇಕು; ಆಗದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ರಸಾಯನಶಾಸ್ತ್ರದ ಅಧ್ಯಾಪಕಿಯಾದ ನನಗೆ ಇದರ ತರ್ಕ ಬೇಗ ಹಿಡಿಸಿತು. ನಿಧಾನಗತಿಯಲ್ಲಿ ಸ್ನಾಯುಗಳಿಗೆ ಸಾಕಷ್ಟು ಆಮ್ಲಜನಕ ದೊರೆತು, ಕೊಬ್ಬೂ ಸಕ್ಕರೆಯೂ ಸೇರಿ ಉರಿಯುತ್ತವೆ. ವೇಗ ಹೆಚ್ಚಿದಂತೆ ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯ ಮೇಲೆಯೇ ಹೆಚ್ಚು ಅವಲಂಬಿಸುತ್ತದೆ, ಆ ದಾಸ್ತಾನು ಸೀಮಿತವಾದದ್ದು. ಅಂದರೆ ದೂರ ಓಡಬೇಕಾದವರು ಮೊದಲು ನಿಧಾನವಾಗಿ ಓಡುವುದನ್ನು ಕಲಿಯಬೇಕು. ಆದರೆ ಈ ನಿಯಮದ ಇನ್ನೊಂದು ಫಲ ಪಠ್ಯಪುಸ್ತಕದಲ್ಲಿಲ್ಲ. ಒಂದು ಪೂರ್ತಿ ವಾಕ್ಯ ಆಡಬೇಕೆಂದರೆ ಆಡಲು ಏನಾದರೂ ಇರಬೇಕಲ್ಲವೇ? ಹಾಗೆ ಆಡುತ್ತಾ ಆಡುತ್ತಾ ನಾನು ಯಾರಿಗೂ ಹೇಳದಿದ್ದ ಸಂಗತಿಗಳನ್ನು ಆ ನಾಲ್ವರಿಗೆ ಹೇಳಿದ್ದೆ. ಅಕ್ಕಪಕ್ಕದಲ್ಲಿ ಓಡುವವರು ಪರಸ್ಪರ ಮುಖ ನೋಡುವುದಿಲ್ಲ. ಕಷ್ಟದ ಮಾತುಗಳಿಗೆ ಅದೊಂದು ದೊಡ್ಡ ಅನುಕೂಲ.

ಗುಂಪು ನನಗೆ ಕೊಟ್ಟ ಇನ್ನೊಂದು ವಸ್ತುವೆಂದರೆ ರಸ್ತೆ. ಮುಂಜಾನೆ ಐದು ಗಂಟೆಯ ಬೆಂಗಳೂರಿನ ರಸ್ತೆ ಗಂಡಸಿಗೂ ಹೆಂಗಸಿಗೂ ಒಂದೇ ಅಲ್ಲ. ಒಬ್ಬಳೇ ಓಡಿದ ಮೊದಲ ವಾರದಲ್ಲಿ ಬೈಕಿನಲ್ಲಿ ಹಿಂದೆಯೇ ಬಂದು, ‘ಆಂಟಿ, ಯಾರು ಓಡಿಸಿಕೊಂಡು ಬರ್ತಿದಾರೆ?’ ಎಂದು ಕೂಗಿ ನಕ್ಕವರಿದ್ದರು. ಅದು ದೊಡ್ಡ ಅಪರಾಧವಲ್ಲ, ಯಾವ ಠಾಣೆಯಲ್ಲೂ ದಾಖಲಾಗುವಂಥದ್ದಲ್ಲ. ಆದರೆ ಮರುದಿನ ಬೆಳಿಗ್ಗೆ ಬೂಟಿನ ದಾರ ಕಟ್ಟುವಾಗ ಕೈ ಹಿಂಜರಿಯಲು ಅಷ್ಟು ಸಾಕು. ಐವರಾಗಿ ಓಡತೊಡಗಿದ ಮೇಲೆ ಅಂಥ ಕೂಗು ಒಮ್ಮೆಯೂ ಕೇಳಿಬರಲಿಲ್ಲ. ಇದು ಸಂತೋಷದ ಸಂಗತಿಯೋ ವಿಷಾದದ ಸಂಗತಿಯೋ ನಾನು ಇನ್ನೂ ತೀರ್ಮಾನಿಸಿಲ್ಲ.

ಹೆಂಗಸರ ಓಟಕ್ಕೆ ಅಡ್ಡಿ ಇಂದು ನಿನ್ನೆಯದಲ್ಲ. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು ಮೊದಲ ಬಾರಿಗೆ 800 ಮೀಟರ್ ಓಡಿದಾಗ, ಕೊನೆಯಲ್ಲಿ ಅವರು ಬಳಲಿದ್ದನ್ನೇ ದೊಡ್ಡದು ಮಾಡಿ, ಹೆಣ್ಣಿನ ದೇಹಕ್ಕೆ ಇಷ್ಟು ದೂರ ಸಲ್ಲದೆಂದು ಸ್ಪರ್ಧೆಯನ್ನೇ ಕೈಬಿಡಲಾಯಿತು. ಅದು ಮರಳಿ ಬಂದದ್ದು 1960ರಲ್ಲಿ. 1967ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಕ್ಯಾಥರಿನ್ ಸ್ವಿಟ್ಜರ್ 261ನೇ ಸಂಖ್ಯೆಯ ಚೀಟಿ ಧರಿಸಿ ಓಡುತ್ತಿದ್ದಾಗ, ಅಧಿಕಾರಿಯೊಬ್ಬರು ಓಡಿಬಂದು ಆ ಚೀಟಿಯನ್ನು ಕಿತ್ತುಕೊಳ್ಳಲು ಯತ್ನಿಸಿದ ಚಿತ್ರ ಪ್ರಸಿದ್ಧವಾಗಿದೆ. ಬಾಸ್ಟನ್ ಮಹಿಳೆಯರನ್ನು ಅಧಿಕೃತವಾಗಿ ಸ್ವೀಕರಿಸಿದ್ದು 1972ರಲ್ಲಿ, ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ನಡೆದದ್ದು 1984ರಲ್ಲಿ. ಸ್ವಿಟ್ಜರ್ ಅವರ ಧೈರ್ಯವನ್ನು ಜಗತ್ತು ಸರಿಯಾಗಿಯೇ ಕೊಂಡಾಡಿದೆ. ಆದರೆ ಆ ಚಿತ್ರವನ್ನು ನೋಡುವಾಗ ನನ್ನ ಕಣ್ಣು ಹೋಗುವುದು ಅವರ ಅಕ್ಕಪಕ್ಕದಲ್ಲಿ ಓಡುತ್ತಿದ್ದವರತ್ತ. ಅಧಿಕಾರಿಯನ್ನು ಭುಜದಿಂದ ತಳ್ಳಿ ದಾರಿ ಬಿಡಿಸಿದವನು ಅವರ ಗೆಳೆಯ. ಜೊತೆಯಲ್ಲಿದ್ದ ಇನ್ನೊಬ್ಬರು ಅವರಿಗೆ ತರಬೇತಿ ನೀಡಿದ ಹಿರಿಯ ಓಟಗಾರ. ಚರಿತ್ರೆ ನಿರ್ಮಿಸಿದ ಆ ಓಟದಲ್ಲಿಯೂ ಪಕ್ಕದಲ್ಲಿ ಯಾರೋ ಇದ್ದರು.

ಫೆಬ್ರುವರಿಯಲ್ಲಿ ಬಡಾವಣೆಯ ಮಟ್ಟದ 5 ಕಿಲೋಮೀಟರ್ ಓಟ ನನ್ನ ಮೊದಲ ಸ್ಪರ್ಧೆ. ಎದೆಗೆ ಅಂಟಿಸುವ ಚೀಟಿಯ ಹಿಂದೆ ಬೆರಳಗಲದ ತೆಳು ಪಟ್ಟಿಯೊಂದಿರುತ್ತದೆ. ಹೊರಡುವಲ್ಲಿಯೂ ಮುಗಿಸುವಲ್ಲಿಯೂ ನೆಲಕ್ಕೆ ಹಾಸಿದ ಚಾಪೆಯನ್ನು ದಾಟಿದಾಗ ರೇಡಿಯೊ ಅಲೆಗಳು ಅದನ್ನು ಗುರುತಿಸಿ ಸಮಯ ದಾಖಲಿಸುತ್ತವೆ. ಇದರಿಂದ ಜನಜಂಗುಳಿಯ ಕೊನೆಯಲ್ಲಿ ನಿಂತವರಿಗೂ ಅವರವರ ಗೆರೆ ದಾಟಿದ ಕ್ಷಣದಿಂದಲೇ ಲೆಕ್ಕ ಶುರು. ಮುಂದೆ ನಿಂತವರ ಹೊತ್ತನ್ನು ಹಿಂದಿನವರ ತಲೆಗೆ ಕಟ್ಟದ ಈ ಏರ್ಪಾಡು ಬದುಕಿನ ಉಳಿದ ಕಡೆಗಳಲ್ಲಿಯೂ ಇದ್ದಿದ್ದರೆ ಎಂದು ಅನ್ನಿಸಿತು. ನಾನು ತೆಗೆದುಕೊಂಡದ್ದು 44 ನಿಮಿಷ. ಬಸ್ ಚಾಲಕ ಮಿತ್ರ 23 ನಿಮಿಷದಲ್ಲಿ ಮುಗಿಸಿ, ಬಾಳೆಹಣ್ಣು ತಿಂದು, ಮತ್ತೆ ಹಿಂದಕ್ಕೆ ಬಂದು ಕೊನೆಯ ಒಂದು ಕಿಲೋಮೀಟರ್ ನನ್ನ ಪಕ್ಕದಲ್ಲಿ ಓಡಿದ. ಅದು ಅವನ ಪದ್ಧತಿ. ತಾನು ಮುಗಿಸಿದ ಮೇಲೆ ಗುಂಪಿನ ಕೊನೆಯವರನ್ನು ಕರೆತರದೆ ಅವನು ಮನೆಗೆ ಹೋಗುವುದಿಲ್ಲ. ಶಾಲಾ ಬಸ್ಸು ಓಡಿಸುವವನಿಗೆ ಎಲ್ಲ ಮಕ್ಕಳೂ ಇಳಿದರೇ ಎಂದು ತಿರುಗಿ ನೋಡುವುದು ಅಭ್ಯಾಸವಾಗಿದೆಯಂತೆ.

ಏಪ್ರಿಲ್ 27ರಂದು ವಿಶ್ವ 10ಕೆ ಓಟ. 2008ರಲ್ಲಿ ಆರಂಭವಾದ ಈ ಓಟ ಬೆಂಗಳೂರಿಗೆ ಓಟದ ರುಚಿ ಹಿಡಿಸಿದ ಕಾರ್ಯಕ್ರಮಗಳಲ್ಲಿ ಒಂದು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಚಿನ್ನ ಗೆದ್ದ ಉಗಾಂಡದ ಜೋಶುವಾ ಚೆಪ್ಟೆಗೈ ಅಂದು ಇಲ್ಲಿ ಮೊದಲಿಗರಾದರು. ಅವರು ತೆಗೆದುಕೊಂಡ ಸಮಯ 28 ನಿಮಿಷಕ್ಕೂ ಕಡಿಮೆ. ಅದೇ ದಿನ, ಅದೇ ಊರಿನ ರಸ್ತೆಯಲ್ಲಿ, ಅಷ್ಟೇ ದೂರಕ್ಕೆ ನಾನು ತೆಗೆದುಕೊಂಡದ್ದು 1 ಗಂಟೆ 22 ನಿಮಿಷ. ಕ್ರಿಕೆಟ್ ಅಭಿಮಾನಿಗೆ ಟೆಸ್ಟ್ ಆಟಗಾರರು ಆಡುವ ದಿನ ಅದೇ ಮೈದಾನಕ್ಕಿಳಿಯುವ ಅವಕಾಶ ಸಿಗುವುದುಂಟೇ? ಓಟ ಕೊಡುವ ಈ ಸಮಾನತೆ ವಿಚಿತ್ರವಾದದ್ದು. ಅದು ನನ್ನನ್ನು ಚಾಂಪಿಯನ್ ಮಾಡುವುದಿಲ್ಲ, ಆದರೆ ನನ್ನ ಹತ್ತು ಕಿಲೋಮೀಟರನ್ನು ಒಂಬತ್ತೆಂದು ಯಾರೂ ಎಣಿಸುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಈ ಲೋಕದ ಕೊರತೆಗಳನ್ನೂ ಹೇಳದಿದ್ದರೆ ಅನ್ಯಾಯವಾದೀತು. ಓಟ ಬಡವರ ಕ್ರೀಡೆ ಎಂಬ ಮಾತು ಈಗ ಪೂರ್ತಿ ನಿಜವಲ್ಲ. ನನ್ನ ಬೂಟಿಗೆ ಆರು ಸಾವಿರ ರೂಪಾಯಿ ಕೊಟ್ಟಿದ್ದೇನೆ. ದೊಡ್ಡ ಓಟಗಳ ನೋಂದಣಿ ಶುಲ್ಕ ಕಟ್ಟುವಾಗ ಬಸ್ ಚಾಲಕ ಮಿತ್ರ ಎರಡು ಬಾರಿ ಯೋಚಿಸುತ್ತಾನೆ. ವರ್ಷಕ್ಕೆ ಎರಡಕ್ಕಿಂತ ಹೆಚ್ಚಿನ ಓಟಕ್ಕೆ ಅವನು ಹೋಗುವುದಿಲ್ಲ, ನಾವು ಕಟ್ಟುತ್ತೇವೆಂದರೆ ಒಪ್ಪುವುದೂ ಇಲ್ಲ. ಆಗಸ್ಟಿನಲ್ಲಿ ನಡೆದ ಒಂದು ಓಟದಲ್ಲಿ ಏಳನೆಯ ಕಿಲೋಮೀಟರಿಗೆ ನಾನು ತಲುಪುವಷ್ಟರಲ್ಲಿ ನೀರಿನ ಮೇಜುಗಳನ್ನು ಮಡಚಿಡುತ್ತಿದ್ದರು. ರಸ್ತೆಯ ಮೇಲೆ ಅತಿ ಹೆಚ್ಚು ಹೊತ್ತು ಇರುವವರು, ಬಿಸಿಲನ್ನು ಅತಿ ಹೆಚ್ಚು ಉಣ್ಣುವವರು ನಿಧಾನದ ಓಟಗಾರರೇ. ನೀರು ಉಳಿಸಬೇಕಾದದ್ದು ಅವರಿಗಾಗಿ. ಸರತಿಯ ಕೊನೆಯಲ್ಲಿರುವವರ ಪಾಲು ಮೊದಲೇ ಮುಗಿದುಹೋಗುವುದು ನಮ್ಮ ನ್ಯಾಯಬೆಲೆ ಅಂಗಡಿಗಳ ಹಳೆಯ ಕಥೆ; ಓಟದ ಹಾದಿಯಲ್ಲಿಯೂ ಅದನ್ನು ಕಾಣಬೇಕಾಯಿತು.

ಆ ದಿನ ರಸ್ತೆಯ ತುಂಬ ಚೆಲ್ಲಿದ್ದ ಕಾಗದದ ಲೋಟಗಳನ್ನು ಗುಡಿಸುತ್ತಿದ್ದ ಪೌರಕಾರ್ಮಿಕ ಮಹಿಳೆಯೊಬ್ಬರು ನನ್ನನ್ನು ಕೇಳಿದರು: ‘ದುಡ್ಡು ಕೊಟ್ಟು ಓಡ್ತೀರಾ ಅಮ್ಮಾ?’ ಹೌದೆಂದೆ. ಅವರು ನಕ್ಕರು, ವ್ಯಂಗ್ಯವಿರಲಿಲ್ಲ. ಅವರು ನಸುಕಿನಲ್ಲಿ ನಗರದ ಹೊರಗಿನಿಂದ ಹೊರಟು, ಕತ್ತಲಲ್ಲೇ ಒಬ್ಬರೇ ರಸ್ತೆಗಿಳಿದು, ನಾನು ಓಡಿದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿ ದುಡಿದಿದ್ದರು. ಮುಂಜಾನೆಯ ರಸ್ತೆಯಲ್ಲಿ ಹೆಂಗಸರ ಹಕ್ಕಿನ ಬಗ್ಗೆ ಗೆಳತಿಯರೊಡನೆ ದೊಡ್ಡದಾಗಿ ಮಾತಾಡುತ್ತಿದ್ದ ನನಗೆ, ಆ ರಸ್ತೆಯಲ್ಲಿ ನನಗಿಂತ ಮೊದಲೇ ಹೆಂಗಸರಿದ್ದಾರೆಂಬುದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅಂದಿನಿಂದ ನಮ್ಮ ಗುಂಪಿನವರು ಲೋಟವನ್ನು ರಸ್ತೆಗೆಸೆಯುವುದಿಲ್ಲ. ಇದು ಬಹಳ ಸಣ್ಣ ತಿದ್ದುಪಡಿ, ಹೆಮ್ಮೆಪಡುವಂಥದ್ದೇನೂ ಅಲ್ಲ.

ಇದಕ್ಕೂ ಮೊದಲು, ಜುಲೈ ತಿಂಗಳ ನಡುವೆ, ನಮ್ಮನ್ನೆಲ್ಲ ಮೌನಗೊಳಿಸಿದ ಸುದ್ದಿಯೊಂದು ಬಂದಿತ್ತು. ಜಲಂಧರ್ ಬಳಿಯ ತಮ್ಮ ಹಳ್ಳಿಯ ಹತ್ತಿರ ಫೌಜಾ ಸಿಂಗ್ ಅವರು ಜುಲೈ 14ರಂದು ವಾಹನವೊಂದು ಬಡಿದು ಮೃತಪಟ್ಟರು. ಅವರಿಗೆ ಆಗ 114 ವರ್ಷವೆಂದು ಹೇಳಲಾಗಿದೆ. ಪತ್ನಿ ಮತ್ತು ಮಗನನ್ನು ಕಳೆದುಕೊಂಡ ದುಃಖದಲ್ಲಿ ಓಟಕ್ಕೆ ಇಳಿದ ಅವರು 2000ನೇ ಇಸವಿಯಲ್ಲಿ, 89ನೇ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಓಡಿದರು. 2011ರಲ್ಲಿ ಟೊರಾಂಟೊದಲ್ಲಿ 42.195 ಕಿಲೋಮೀಟರ್ ದೂರವನ್ನು ಪೂರೈಸಿದಾಗ ಅವರಿಗೆ ನೂರು ವರ್ಷ. ಜನನ ಪ್ರಮಾಣಪತ್ರವಿಲ್ಲದ ಕಾರಣ ಗಿನ್ನೆಸ್ ದಾಖಲೆ ಸಿಗಲಿಲ್ಲ. ಮುಪ್ಪು, ದುಃಖ, ದೂರ ಇವ್ಯಾವುವೂ ಸೋಲಿಸಲಾಗದ ಮನುಷ್ಯನನ್ನು ಕೊನೆಗೆ ನಮ್ಮ ರಸ್ತೆ ಕೊಂದಿತು. ಅಂದು ಬೆಳಿಗ್ಗೆ ಔಷಧದಂಗಡಿಯ ಮಿತ್ರರು, ‘ನಮ್ಮಲ್ಲಿ ಓಡುವುದಲ್ಲ, ನಡೆಯುವುದೇ ಸಾಹಸ’ ಎಂದರು. ವರ್ಷಕ್ಕೊಮ್ಮೆ ಓಟಕ್ಕಾಗಿ ಕೆಲವು ಗಂಟೆ ರಸ್ತೆಯನ್ನು ತೆರವುಗೊಳಿಸಬಲ್ಲ ನಗರಕ್ಕೆ, ಉಳಿದ ದಿನಗಳಲ್ಲಿ ಮುದುಕರೊಬ್ಬರು ಬೀಳದೆ ನಡೆಯಬಲ್ಲ ಕಾಲುದಾರಿಯನ್ನು ಕೊಡಲು ಏಕೆ ಸಾಧ್ಯವಿಲ್ಲ? ಭಾನುವಾರಗಳಲ್ಲಿ ವಾಹನಗಳಿಗೆ ಬಾಗಿಲು ಮುಚ್ಚುವ ಕಬ್ಬನ್ ಉದ್ಯಾನದಲ್ಲಿ ಮಕ್ಕಳು, ವೃದ್ಧರು, ನಾಯಿಗಳು ಎಲ್ಲರೂ ನಿರ್ಭಯವಾಗಿ ಅಡ್ಡಾಡುವುದನ್ನು ಕಂಡವರಿಗೆ ಇದು ಅಸಾಧ್ಯದ ಬೇಡಿಕೆಯೆನಿಸದು.

ಸೆಪ್ಟೆಂಬರಿನಲ್ಲಿ ಶ್ರೀರಂಗಪಟ್ಟಣದ ಸಮೀಪ ಕಾಲುವೆಯ ಏರಿಯ ಮೇಲೆ ಅರೆ ಮ್ಯಾರಥಾನ್. 21 ಕಿಲೋಮೀಟರಿಗೆ ಇನ್ನೂ ನೂರು ಮೀಟರಿನಷ್ಟು ಸೇರಿಸಿದರೆ ಆಗುವ ದೂರ. ಒಂದು ಕಡೆ ತಿಳಿಯಾಗಿ ಹರಿಯುವ ನೀರು, ಇನ್ನೊಂದು ಕಡೆ ಗದ್ದೆ, ಮೇಲೆ ರಂಗನತಿಟ್ಟಿನ ಕಡೆಗೆ ಹಾರುವ ಕೊಕ್ಕರೆಗಳು. ಇದಕ್ಕಿಂತ ಚೆಲುವಾದ ದಾರಿ ಓಟಗಾರರಿಗೆ ಸಿಗುವುದು ಕಷ್ಟ. ಪತಿ ಎರಡು ದಿನ ರಜೆ ಹಾಕಿ ತಾಯಿಯ ಬಳಿ ಉಳಿದಿದ್ದರು. ಆದರೆ ಹಿಂದಿನ ಒಂದು ವಾರ ತಾಯಿ ರಾತ್ರಿಯಿಡೀ ಮಲಗಿರಲಿಲ್ಲ, ನಾನೂ ಮಲಗಿರಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಬೇಡವೆನ್ನುತ್ತಿದ್ದರು. ಹನ್ನೆರಡನೆಯ ಕಿಲೋಮೀಟರಿನ ನಂತರ ಬಿಸಿಲೇರಿತು, ಮೋಡವಿಲ್ಲ, ಗಾಳಿಯಿಲ್ಲ, ಕಾಲುವೆಯ ಪಕ್ಕದ ತೇವದಲ್ಲಿ ಬೆವರು ಆರುವುದೇ ಇಲ್ಲ. ಬೆವರು ಆರದಿದ್ದರೆ ದೇಹ ತಣಿಯದೆಂಬುದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹದಿನಾರನೆಯ ಕಿಲೋಮೀಟರಿನಲ್ಲಿ ಮೀನಖಂಡಗಳು ಕಲ್ಲಾದವು, ಮೈಯಲ್ಲಿ ಚಳಿ ಹುಟ್ಟಿತು. ಒಂದು ತೆಂಗಿನ ಮರದ ಬುಡದಲ್ಲಿ ಕುಳಿತುಬಿಟ್ಟೆ.

ಎಂಜಿನಿಯರ್ ಮಿತ್ರರು ಅಂದು ತಮ್ಮ ವೈಯಕ್ತಿಕ ದಾಖಲೆಗಾಗಿ ನಾಲ್ಕು ತಿಂಗಳು ತಯಾರಾಗಿದ್ದರು. ಪೂರ್ತಿ ಮ್ಯಾರಥಾನಿನ ಎರಡನೆಯ ಸುತ್ತಿನಲ್ಲಿದ್ದ ಅವರು ನನ್ನನ್ನು ಕಂಡು ನಿಂತರು. ಹೋಗಿ, ನನಗೇನೂ ಆಗಿಲ್ಲ ಎಂದೆ. ಅವರು ಗಡಿಯಾರವನ್ನು ನಿಲ್ಲಿಸಿ, ಬಿಚ್ಚಿ ಜೇಬಿಗೆ ಹಾಕಿಕೊಂಡು ಪಕ್ಕದಲ್ಲಿ ಕುಳಿತರು. ಜೀವಜಲದ ಪುಡಿಯನ್ನು ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದರು. ಬರಿ ನೀರನ್ನು ಒಮ್ಮೆಲೇ ಕುಡಿದರೆ ರಕ್ತದ ಸೋಡಿಯಂ ಇನ್ನೂ ತೆಳುವಾಗುವ ಅಪಾಯವಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದ್ದು ಒಂದೇ ಮಾತು: ‘ಎಷ್ಟು ರಾತ್ರಿಯಾಯಿತು ನಿದ್ದೆಯಿಲ್ಲದೆ?’ ನನಗೆ ಅಳು ಬಂತು. ಓಟ ಮುಗಿಸಲಾಗದ್ದಕ್ಕೆ ಬಂದ ಅಳು ಅದಾಗಿರಲಿಲ್ಲ. ಇಬ್ಬರೂ ಆಯೋಜಕರ ವಾಹನದಲ್ಲಿ ಮರಳಿದೆವು. ಫಲಿತಾಂಶದ ಪಟ್ಟಿಯಲ್ಲಿ ನಮ್ಮಿಬ್ಬರ ಹೆಸರಿನ ಮುಂದೆಯೂ ‘ಪೂರ್ಣಗೊಳಿಸಿಲ್ಲ’ ಎಂದಿತ್ತು.

ಅದಾದ ಹತ್ತನೆಯ ದಿನ ತಾಯಿಗೆ ನ್ಯುಮೋನಿಯಾ ಆಯಿತು. ಎಂಟು ದಿನ ಆಸ್ಪತ್ರೆ, ಮತ್ತೆ ಮನೆಯಲ್ಲಿ ಎರಡು ವಾರ ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಕೆಲಸ. ನಾನು ಓಟವನ್ನು ಬಿಟ್ಟೆ. ಬಿಟ್ಟದ್ದಷ್ಟೇ ಅಲ್ಲ, ತಾಯಿಗೆ ಹೀಗಾಗಲು ನಾನು ಬೀದಿ ಸುತ್ತಿದ್ದೇ ಕಾರಣವೆಂಬ ಹುಳ ತಲೆಯೊಳಗೆ ಹೊಕ್ಕಿತು. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ಬಂಧುವೊಬ್ಬರು ನನ್ನ ಕಿವಿಗೆ ಬೀಳುವಂತೆ ಹೇಳಿಯೂ ಇದ್ದರು. ಆರೈಕೆ ಮಾಡುವವರು ತಮಗಾಗಿ ತೆಗೆದಿಟ್ಟುಕೊಂಡ ಒಂದು ಗಂಟೆಯನ್ನು ಸಮಾಜ ಸುಲಭವಾಗಿ ಕ್ಷಮಿಸುವುದಿಲ್ಲ. ಅವರು ಹೆಂಗಸರಾದರೆ ಕ್ಷಮಿಸುವ ಮಾತೇ ಇಲ್ಲ.

ಆ ದಿನಗಳಲ್ಲಿ ನಮ್ಮ ಗುಂಪಿನ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪಟ್ಟಿ ಪ್ರತ್ಯಕ್ಷವಾಯಿತು. ಅಲ್ಲಿಯವರೆಗೆ ವಾರದ ಓಟದ ವೇಳಾಪಟ್ಟಿ ಇರುತ್ತಿದ್ದ ಜಾಗ ಅದು: ಮಂಗಳವಾರ ಐದು ಕಿಲೋಮೀಟರ್, ಗುರುವಾರ ಎಂಟು. ಈಗ ಅದೇ ಮಾದರಿಯಲ್ಲಿ ಮಂಗಳವಾರ ರಾತ್ರಿ ಆಸ್ಪತ್ರೆಯಲ್ಲಿ ಯುವತಿ, ಬುಧವಾರ ಬೆಳಿಗ್ಗೆ ಎಂಜಿನಿಯರರ ಪತ್ನಿ, ಗುರುವಾರ ಔಷಧಗಳ ಜವಾಬ್ದಾರಿ ಯಾರದೆಂಬುದಕ್ಕೆ ವಿವರಣೆಯೇ ಬೇಕಿರಲಿಲ್ಲ. ಬಸ್ ಚಾಲಕ ಮಿತ್ರ ಮಕ್ಕಳನ್ನು ಶಾಲೆಗಿಳಿಸಿ ಬಂದು, ತಾಯಿಯನ್ನು ಗಾಲಿಕುರ್ಚಿಗೆ ಎತ್ತಿ ಕೂರಿಸುತ್ತಿದ್ದ. ತಾಯಿ ಅವನನ್ನು ತನ್ನ ಸತ್ತುಹೋದ ತಮ್ಮನೆಂದು ತಿಳಿದು ಹೊಲದ ವಿಚಾರ ಕೇಳುತ್ತಿದ್ದರು; ಅವನೂ ಬೆಳೆ ಚೆನ್ನಾಗಿದೆ ಎನ್ನುತ್ತಿದ್ದ. ಇವರನ್ನೆಲ್ಲ ನಾನು ಅಲ್ಲಿಯವರೆಗೆ ‘ಓಟದ ಗೆಳೆಯರು’ ಎನ್ನುತ್ತಿದ್ದೆ. ಆ ವಿಶೇಷಣವನ್ನು ಅಂದೇ ತೆಗೆದುಹಾಕಿದೆ.

ಅಕ್ಟೋಬರಿನಲ್ಲಿ ತಾಯಿ ಚೇತರಿಸಿಕೊಂಡರು. ಒಂದು ಮುಂಜಾನೆ ಐದು ಗಂಟೆಗೆ ಎದುರುಮನೆಯಾಕೆ ಎಂದಿನಂತೆ ಹೂವಿನ ಬುಟ್ಟಿ ಹಿಡಿದು ಬಂದರು. ಇನ್ನು ನಾನು ಓಡುವುದಿಲ್ಲ, ನಿಮಗೆ ಸುಮ್ಮನೆ ತೊಂದರೆ ಎಂದೆ. ಅವರು ಬುಟ್ಟಿಯನ್ನು ಕೆಳಗಿಟ್ಟು ಹೇಳಿದರು: ‘ನೀನು ಓಡುವುದನ್ನು ನಿಲ್ಲಿಸಿದರೆ ನನಗೆ ಬೆಳಿಗ್ಗೆ ಎದ್ದು ಬಾಗಿಲು ತೆಗೆಯಲು ಕಾರಣ ಏನಿರುತ್ತದೆ? ನಿಮ್ಮಮ್ಮ ನನಗೆ ದಿನವೂ ಅದೇ ಕಥೆ ಹೇಳುತ್ತಾರೆ. ಅದನ್ನು ಕೇಳಲು ನನಗೆ ಇಷ್ಟ.’ ಒಂಬತ್ತು ತಿಂಗಳಿನಿಂದ ನಾನು ಆಕೆಯ ಋಣದ ಲೆಕ್ಕವನ್ನು ಮನಸ್ಸಿನಲ್ಲಿ ಬರೆದಿಡುತ್ತಿದ್ದೆ. ಅದರ ಇನ್ನೊಂದು ಬದಿಯೂ ತುಂಬುತ್ತಿತ್ತೆಂಬುದು ನನಗೆ ತಿಳಿದಿರಲಿಲ್ಲ. ಉಪಕಾರವನ್ನು ಪಡೆಯಲು ನಾಚಿಕೊಳ್ಳುವ ನಾವು, ನಮ್ಮ ಅಗತ್ಯವೂ ಇನ್ನೊಬ್ಬರಿಗೆ ಆಸರೆಯಾಗಬಹುದೆಂದು ಯೋಚಿಸುವುದೇ ಇಲ್ಲ. ಬೂಟು ಹಾಕಿಕೊಂಡು ಹೊರಟೆ.

ಡಿಸೆಂಬರಿನ ಒಂದು ಭಾನುವಾರ ನಗರದ ಅಂಚಿನಲ್ಲಿ ನಡೆದ ಅರೆ ಮ್ಯಾರಥಾನನ್ನು ನಾನು 3 ಗಂಟೆ 11 ನಿಮಿಷದಲ್ಲಿ ಮುಗಿಸಿದೆ. ಸುಮಾರು ಮೂರನೆಯ ಒಂದು ಭಾಗವನ್ನು ನಡೆದೆ. ಈ ಸಲ ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದೆನೆಂಬುದನ್ನು ಹೊರಡುವ ಮೊದಲೇ ಎಲ್ಲರಿಗೂ ಹೇಳಿದ್ದೆ. ಕೊನೆಯ ಎರಡು ಕಿಲೋಮೀಟರ್ ನಾಲ್ವರೂ ಹಿಂದಕ್ಕೆ ಬಂದು ಜೊತೆಗೂಡಿದರು. ಆದರೆ ಗೆರೆಗೆ ಇಪ್ಪತ್ತು ಮೀಟರ್ ಮುಂಚೆ ಬದಿಗೆ ಸರಿದು ನಿಂತರು. ಚಾಪೆಯನ್ನು ದಾಟಿದ್ದು ನಾನೊಬ್ಬಳೇ. ದಾಖಲೆಯಲ್ಲಿರುವುದು ನನ್ನ ಹೆಸರೊಂದೇ.

ಪದಕವನ್ನು ಕೊರಳಲ್ಲಿ ಹಾಕಿಕೊಂಡೇ ಮನೆಗೆ ಬಂದೆ. ತಾಯಿ ಕುರ್ಚಿಯಲ್ಲಿ ಕುಳಿತಿದ್ದರು, ಪಕ್ಕದಲ್ಲಿ ಕಟ್ಟಿ ಮುಗಿಸಿದ ಸೇವಂತಿಗೆಯ ಮಾಲೆ. ಪದಕವನ್ನು ಮುಟ್ಟಿ, ತಿರುಗಿಸಿ ನೋಡಿ, ಯಾರ ಮದುವೆ ಎಂದು ಕೇಳಿದರು. ಎದುರುಮನೆಯಾಕೆ ನಕ್ಕರು, ನಾನೂ ನಕ್ಕೆ. ಆಮೇಲೆ ತಾಯಿ ನನ್ನ ಬರಿಗೈಯನ್ನು ನೋಡಿ ಹುಬ್ಬುಗಂಟಿಕ್ಕಿದರು.

‘ಹಾಲು?’

ಮರೆತಿದ್ದೆ. ಕಾಲು ಮಡಚಲಾಗದ ಸ್ಥಿತಿಯಲ್ಲಿ ಮೆಟ್ಟಿಲಿಳಿದು ಮತ್ತೆ ಬೂತಿನ ಕಡೆಗೆ ಹೊರಟೆ. ಅದು ಇನ್ನೂರು ಮೀಟರ್ ದೂರದಲ್ಲಿದೆ.